ಹಳೇ ಫಿಯಟ್ಟಿನ ಟಾಪ್ ಲೈನಿಂಗಿಗೆ

ಪ್ರೀತಿಯ ಟಾಪ್ ಲೈನಿಂಗೇ,

ನಾವೆಲ್ಲ ಕ್ಷೇಮ. ಗಾಡಿಯೂ ಕ್ಷೇಮ. ನೀನೇ ಇಲ್ಲ.

ನಿನ್ನ ಜಾಗಕ್ಕೆ ಸವತಿ ಬಂದಾಯ್ತು ಕಣೆ. ಬೆಳ್ಳಗೆ, ಬಿಗಿಯಾಗಿ, ಒಂದು ಸುಕ್ಕಿಲ್ಲದೆ ಕೂತಿದ್ದಾಳೆ. ನೋಡಿದವರೆಲ್ಲ ಹೊಗಳುತ್ತಾರೆ. ನಿನ್ನ ಪರವಾಗಿ ನನಗೆ ಹೊಟ್ಟೆಯುರಿ.

ನಿನ್ನನ್ನು ಇಳಿಸೋದು ಸುಲಭ ಇರಲಿಲ್ಲ. ಹಿಂದೆ ಮುಂದೆ ಗ್ಲಾಸು ತೆಗೆದು, ರಬ್ಬರ್ ಬೀಡಿಂಗಿನಡಿ ಅಂಟಿಕೊಂಡಿದ್ದ ನಿನ್ನ ಅಂಚು ಬಿಡಿಸಿದರು. ಆಮೇಲೆ ನಿನ್ನ ಬೆನ್ನಿಗೆ ಹೊಲಿದ ಪಟ್ಟಿಯೊಳಗಿನ ಕಂಬಿಗಳು. ನೋಡೋಕೆ ಎಲ್ಲ ಒಂದೇ, ಆದರೆ ಒಂದರ ಬಾಗು ಇನ್ನೊಂದಕ್ಕಿಲ್ಲ. ಅದಲುಬದಲಾದರೆ ಬಟ್ಟೆ ಜೋತುಬೀಳುತ್ತೆ ಅಂತ ಕುಷನ್ ಮೇಸ್ತ್ರಿ ಒಂದೊಂದಕ್ಕೂ ಟೇಪು ಸುತ್ತಿ ನಂಬರ್ ಬರೆದರು. ಗಾಡಿ ತಯಾರಾದ ಕುರ್ಲಾ ಕಾರ್ಖಾನೆಯ ಅಳತೆ ಈಗ ಯಾರ ಹತ್ತಿರ ಇದೆ? ನಿನ್ನ ಹತ್ತಿರವೇ. ಹೊಲಿಗೆ ಬಿಚ್ಚಿ, ನಿನ್ನ ತುಂಡುಗಳನ್ನು ಹೊಸ ರೆಕ್ಸಿನ್ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕತ್ತರಿಸಿದರು. ಸವತಿಗೆ ಅಳತೆ ಕೊಟ್ಟವಳು ನೀನೇ!

1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಶುರುವಾದ ಗಾಡಿ ಆಮೇಲೆ ಪದ್ಮಿನಿ ಆಯ್ತು. ನಮ್ಮನೇಲಿ ಮಾತ್ರ ಅದು ಯಾವತ್ತೂ ಫಿಯಟ್ಟೇ. ಶಿರಾಡಿ ಘಾಟಿಯಲ್ಲಿ ಅಕ್ಕನ ತೊಡೆ ಮೇಲೆ ತಲೆಯಿಟ್ಟು ಮಲಗಿದರೆ ನನಗೆ ಕಾಣುತ್ತಿದ್ದವಳು ನೀನೊಬ್ಬಳೇ. ವಾಂತಿ ಬರಬಾರದು ಅಂದರೆ ಲೈನಿಂಗಿನ ತೂತು ಎಣಿಸು ಅನ್ನುತ್ತಿದ್ದಳು ಅಮ್ಮ. ಲೆಕ್ಕ ತಪ್ಪುತ್ತಿತ್ತು, ವಾಂತಿ ತಪ್ಪುತ್ತಿರಲಿಲ್ಲ. ಅಪ್ಪ ಸ್ಟೇರಿಂಗ್ ಪಕ್ಕದ ಗೇರು ಎಳೆಯುತ್ತಾ ಸಿಗರೇಟು ಸೇದುತ್ತಿದ್ದರಲ್ಲ, ಅಲ್ಲಿ ನೀನು ಹಳದಿಯಾಗಿದ್ದೆ. ಹಿಂದೆ ಚಿಕ್ಕಪ್ಪನ ತಲೆ ತಾಗುವಲ್ಲಿ ಕೊಬ್ಬರಿ ಎಣ್ಣೆಯ ದುಂಡನೆ ಕಲೆ. ಅಮ್ಮ ಸೋಪುನೀರು ಹಾಕಿ ಉಜ್ಜೀ ಉಜ್ಜೀ ಸೋತಳು. ಚಿಕ್ಕಪ್ಪ ಹೋದಮೇಲೆ ಯಾರೂ ಅದನ್ನು ಉಜ್ಜಲಿಲ್ಲ.

ಆದರೂ ನಿನ್ನ ಮೇಲೆ ಕೋಪ ಇದೆ, ಮುಚ್ಚಿಡಲ್ಲ. ಮೊದಲು ಹಿಂದಿನ ಗ್ಲಾಸಿನ ಹತ್ತಿರ ಹೊಲಿಗೆ ಬಿಟ್ಟೆ. ಅಪ್ಪ ಗುಂಡುಪಿನ್ನು ಚುಚ್ಚಿದರು. ಹೆದ್ದಾರಿಯಲ್ಲಿ ಕಿಟಕಿ ಇಳಿಸಿದರೆ ಪಟಪಟ ಬಡಿದುಕೊಳ್ಳುತ್ತಾ ಅವರ ತಲೆ ಮೇಲೇ ಇಳಿಯುತ್ತಿದ್ದೆ. ಅದೆಲ್ಲ ಹೋಗಲಿ. ಮೇಲಿನ ತಗಡು ತೂತಾಗಿ ಮಳೆನೀರು ಇಳಿಯುತ್ತಿತ್ತಲ್ಲ, ಒಂದು ಮಾತು ಹೇಳಬಾರದಿತ್ತಾ? ನೀರೆಲ್ಲ ನೀನೇ ಕುಡಿದುಕೊಂಡು ಕೂತೆ. ಕಂಬಿ ತುಕ್ಕು ಹಿಡಿದು ನಿನ್ನ ಮೈಮೇಲೆ ಕಂದು ಗೆರೆ ಎಳೆದಾಗಲೂ ಕೊಳೆ ಅಂದುಕೊಂಡೆವು. ಬಿಚ್ಚಿದ ಮೇಲೆ ಲೈನಿಂಗಿಗಿಂತ ಟಿಂಕರಿಂಗ್ ಖರ್ಚೇ ಜಾಸ್ತಿ ಆಯ್ತು.

ನಿನ್ನ ಬಳಗದ ಸುದ್ದಿಯೂ ಅಷ್ಟೇ. ಮುಂಬೈಯಲ್ಲಿ ಬಣ್ಣಬಣ್ಣದ ಬಟ್ಟೆ ಹೊದ್ದು ಮೆರೆದರಲ್ಲ, ಆ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿಗೆ ಮುಗಿಯಿತು.

ಸವತಿಯನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ, ಸುಕ್ಕು ಹೋಗೋವರೆಗೆ ಎಳೆದೆಳೆದು ಅಂಟಿಸಿದರು. ಇನ್ನೂ ಬರೀ ಗೋಂದಿನ ವಾಸನೆ. ಒಗ್ಗಿಕೊಳ್ತೀನಿ ಬಿಡು.

ಡೋರ್ ಪ್ಯಾಡಿನ ಕೆಲಸ ಬಾಕಿ ಇದೆ. ಹಾರ್ಡ್‌ಬೋರ್ಡು ನೀರು ಕುಡಿದು ಉಬ್ಬಿದೆ, ಕ್ಲಿಪ್ಪು ಹಿಡಿಯುತ್ತಿಲ್ಲ. ಜೆ.ಸಿ. ರಸ್ತೆಯಿಂದ ಮಾದರಿ ತುಂಡುಗಳನ್ನು ತಂದಿದ್ದೇನೆ. ನನಗೆ ಹಳೇ ಕಂದು ಬಣ್ಣವೇ ಬೇಕು, ಅಕ್ಕನಿಗೆ ಕೆಂಪು. ಸೋಮವಾರದೊಳಗೆ ಹೇಳಿ ಅಂದಿದ್ದಾರೆ ಮೇಸ್ತ್ರಿ. ಅಕ್ಕನೇ ಗೆಲ್ಲೋ ಹಾಗಿದೆ.

ಇಂತಿ,
ನಿನ್ನವ