ಹಲ್ಲಿಯ ಪೊರೆ

ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದ ಬಾಲ್ಯದಲ್ಲಿ ಹಲ್ಲಿಗೆ ಮುಸಲೀ, ಗೃಹಗೋಧಿಕಾ ಎಂಬ ಹೆಸರುಗಳಿವೆಯೆಂದು ಕಲಿತೆನು. ಅದು ಯಾವ ಅಂಗದ ಮೇಲೆ ಬಿದ್ದರೆ ಯಾವ ಫಲವೆಂಬುದನ್ನು ಪಂಚಾಂಗದಲ್ಲಿ ಓದಿದೆನು. ಆದರೆ ಆ ಪ್ರಾಣಿಗೂ ಸಂಕಟವೆಂಬುದುಂಟೆಂದು ಅರುವತ್ತು ದಾಟಿದ ಮೇಲೆಯೇ ನನಗೆ ತಿಳಿಯಿತು.

ನನ್ನ ಓದುವ ಕೋಣೆಯಲ್ಲಿ ಒಂದು ಹಲ್ಲಿಯು ಬಹುಕಾಲದಿಂದ ವಾಸವಾಗಿದೆ. ಸಾಕಿದುದೆಂದು ಹೇಳಲಾರೆ, ಆದರೂ ದೀಪ ಹಚ್ಚಿದೊಡನೆ ಪಟದ ಹಿಂದಿನಿಂದ ಹೊರಟು ಹುಳುಗಳಿಗಾಗಿ ಕಾಯುವ ಅದನ್ನು ಕಾಣದಿದ್ದರೆ ಏನೋ ಕೊರತೆಯೆನ್ನಿಸುವುದು. ಮನೆಯಾಕೆ ತೀರಿಕೊಂಡ ಮೇಲೆ ರಾತ್ರಿಯ ಹೊತ್ತು ನನಗೆ ಅದೇ ಜೊತೆ.

ಕಳೆದ ವೈಶಾಖದಲ್ಲಿ, ನಮ್ಮ ಬಳ್ಳಾರಿಯ ಬಿಸಿಲಿಗೆ ಗೋಡೆಗಳೇ ಕಾದಿದ್ದಾಗ, ಅದರ ಮೈ ಬೂದಿ ಬಳಿದಂತೆ ಬಿಳುಪಾಯಿತು. ಪೊರೆ ಬಿಡುವ ಕಾಲವೆಂದುಕೊಂಡೆನು. ಹಾವು ಹುತ್ತದ ಮೇಲೆ ಪೊರೆಯನ್ನು ತೊರೆದು ಹೋಗುವ ದೃಷ್ಟಾಂತವು ಬೃಹದಾರಣ್ಯಕೋಪನಿಷತ್ತಿನಲ್ಲಿದೆ. ಹಲ್ಲಿಯಾದರೋ ಅಷ್ಟು ವಿರಕ್ತಪ್ರಾಣಿಯಲ್ಲ. ಕಳಚಿದ ಪೊರೆಯನ್ನು ಬಾಯಿಂದ ಎಳೆದು ತಿಂದುಬಿಡುತ್ತದೆ. ಮೈಯೇನೋ ಹೊಸದಾಯಿತು, ಮುಂಗಾಲಿನ ಬೆರಳುಗಳಲ್ಲಿ ಮಾತ್ರ ಚೂರುಗಳು ಅಂಟಿಕೊಂಡೇ ಉಳಿದುವು. ಮೂರನೆಯ ರಾತ್ರಿ ಅದು ಗೋಡೆಯಿಂದ ಜಾರಿ ನನ್ನ ಹೆಗಲ ಮೇಲೆ ಬಿದ್ದಿತು. ಬಿದ್ದುದರ ಫಲವನ್ನು ನೋಡುವ ಮೊದಲು ಬಿದ್ದುದೇಕೆಂದು ನೋಡೋಣವೆನ್ನಿಸಿತು. ಅಂಗೈಯಲ್ಲಿ ಹಿಡಿದು ಒಂದು ಚೂರನ್ನು ಉಗುರಿನಿಂದ ಎಳೆದೆನು. ಪೊರೆಯೊಡನೆ ಬೆರಳ ತುದಿಯೂ ಬಂದುಬಿಟ್ಟಿತು.

ಪಶುವೈದ್ಯವನ್ನು ಓದುತ್ತಿರುವ ಕಿರಿಯ ಮಗಳು ಆಗ ರಜಕ್ಕೆ ಬಂದಿದ್ದಳು. "ಎಳೆಯಬೇಡಿ ಅಪ್ಪ, ಮೊದಲು ನೆನೆಯಲಿ" ಎಂದಳು. ಗಾಳಿಯಲ್ಲಿ ತೇವ ಸಾಲದಿದ್ದರೆ ಪೊರೆಯು ಸರಿಯಾಗಿ ಬಿಡದೆ ಬೆರಳಿಗೆ ಉಂಗುರದಂತೆ ಬಿಗಿದು ರಕ್ತಸಂಚಾರವನ್ನು ತಡೆಯುವುದಂತೆ. ಬೆರಳು ಕಪ್ಪಾಗಿ, ಒಣಗಿ ಉದುರುವುದಂತೆ. ಹಲ್ಲಿಯು ಗೋಡೆಯನ್ನು ಹಿಡಿಯುವುದು ಅಂಟಿನಿಂದಲ್ಲ, ಬೆರಳಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಸಂಖ್ಯ ರೋಮಗಳಿಂದ. ಅವನ್ನು ಪೊರೆ ಮುಚ್ಚಿದರೆ ಹಿಡಿತವಿಲ್ಲ, ಹಿಡಿತವಿಲ್ಲದಿದ್ದರೆ ಬೇಟೆಯಿಲ್ಲ.

ಅವಳು ಒಂದು ಡಬ್ಬಿಯ ಮುಚ್ಚಳಕ್ಕೆ ತೂತುಗಳನ್ನು ಕೊರೆದು, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಳಗೆ ಹಾಸಿದಳು. ಬಾಲವನ್ನು ಮುಟ್ಟದಂತೆ ಎಚ್ಚರಿಸಿದಳು. ಬೆದರಿದ ಹಲ್ಲಿ ಅದನ್ನೇ ಕಳಚಿಬಿಡುವುದಲ್ಲವೆ? ಹಲ್ಲಿಯನ್ನು 20 ನಿಮಿಷ ಒಳಗಿರಿಸಿ, ಬಳಿಕ ಒದ್ದೆ ಹತ್ತಿಯ ಎಳೆಯಿಂದ ಬೆರಳ ಬುಡದಿಂದ ತುದಿಯ ಕಡೆಗೆ ಮೆಲ್ಲನೆ ಸವರಿದೆವು. ಬಿಟ್ಟಷ್ಟನ್ನು ತೆಗೆದೆವು, ಬಿಡದುದನ್ನು ಮರುದಿನಕ್ಕೆ ಉಳಿಸಿದೆವು. ಮೂರನೆಯ ಸಂಜೆಗೆ ಬೆರಳುಗಳೆಲ್ಲ ಶುಭ್ರವಾದುವು. ಗೋಡೆಯ ಬಳಿ ಬಿಟ್ಟೊಡನೆ ಹಿಂದಿರುಗಿ ನೋಡದೆ ಏರಿತು.

"ಆ ತುದಿ ಮೊದಲೇ ಸತ್ತಿತ್ತು ಅಪ್ಪ, ಕೊರಗಬೇಡಿ" ಎಂದಳು ಮಗಳು. ಇದ್ದಿರಬಹುದು. ಆದರೆ ಎಳೆಯುವಾಗ ನಾನು ಅದನ್ನು ತಿಳಿದು ಎಳೆಯಲಿಲ್ಲ. 35 ವರ್ಷ ಉಪಾಧ್ಯಾಯನಾಗಿದ್ದೆನು. ಶಬ್ದರೂಪವು ನಾಲಗೆಗೆ ಹತ್ತದ ಹುಡುಗರ ಕಿವಿಯನ್ನು ಹೀಗೆಯೇ, ಅವರ ಹಿತಕ್ಕೆಂದೇ, ಎಳೆದಿದ್ದೇನೆ. ಒಬ್ಬನು ಆ ಮೇಲೆ ಶಾಲೆಗೇ ಬರಲಿಲ್ಲ. ನೆನೆಯಲು ಬಿಡಬೇಕಾದುದು ಯಾವುದೆಂದು ನನಗೆ ಆಗ ಹೇಳುವವರಿರಲಿಲ್ಲ. ಇದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಈಗ ಬೇಸಗೆಯಲ್ಲಿ ಕಿಟಕಿಯ ಬಳಿ ಒಂದು ಬಟ್ಟಲು ನೀರಿಡುತ್ತೇನೆ. ದೀಪ ಹಚ್ಚಿದಾಗ ಹಲ್ಲಿ ಬರುತ್ತದೆ. ಕನ್ನಡಕವನ್ನು ಸರಿಪಡಿಸಿಕೊಂಡು ಅದರ ಬೆರಳುಗಳನ್ನು ನೋಡುತ್ತೇನೆ. ಒಂದು ಮೊಟಕಾಗಿದೆ.