ಪಟ್ಟಿಯ ಮೊದಲ ಸಾಲು

ಏಪ್ರಿಲ್ 10, 2024, ಬುಧವಾರ

ಬೇವುಬೆಲ್ಲ ತಿಂದ ಮರುದಿನವೇ ದ್ವಿತೀಯ ಪಿಯು ಫಲಿತಾಂಶ. ಮಗಳು ಪುಟ್ಟಿಗೆ ಜೀವಶಾಸ್ತ್ರದಲ್ಲಿ ಬಹಳ ಚೆನ್ನಾಗಿ ಬಂದಿದೆ, ರಸಾಯನಶಾಸ್ತ್ರ ಕೈಕೊಟ್ಟಿದೆ. ಈ ವರ್ಷದಿಂದ ಮೂರು ಪರೀಕ್ಷೆಗಳ ಪದ್ಧತಿ. ಬೇಕೆಂದರೆ 29ರಿಂದ ಶುರುವಾಗುವ ಎರಡನೇ ಪರೀಕ್ಷೆಯಲ್ಲಿ ಆ ಒಂದೇ ವಿಷಯವನ್ನು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. "ಬರೀತೀಯೇನೇ?" ಅಂತ ಕೇಳಿದೆ. "ಸಿಇಟಿ ಮುಗೀಲಿ, ಆಮೇಲೆ ಹೇಳ್ತೀನಿ ಅಮ್ಮ" ಅಂದಳು. ನಮ್ಮ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನು ಕಣ್ಣಲ್ಲೇ ಬೇಡ ಎಂದೆ.

ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ ಇತ್ತು. ನಾಲ್ಕು ಗಂಟೆ ಹೊತ್ತಿಗೆ ಒಬ್ಬ ಹುಡುಗನನ್ನು ಕರೆತಂದರು. ಉಸಿರು ಕಟ್ಟಿದಂತಾಗಿ ಕೈಬೆರಳು ಸೆಟೆದುಕೊಂಡಿದ್ದವು. ಎದೆ, ರಕ್ತದೊತ್ತಡ, ಇಸಿಜಿ ಎಲ್ಲ ಸರಿಯಾಗಿತ್ತು. ಹೆದರಿಕೆ ಮೈಮೇಲೆ ಬಂದಿತ್ತು, ಅಷ್ಟೆ. ಪಾಸಾಗಿದ್ದಾನೆ, ಮನೆಯವರು ಅಂದುಕೊಂಡಷ್ಟು ಬಂದಿಲ್ಲ. ಅಪ್ಪ ಹೊರಗೆ ಕಾರಿಡಾರಿನಲ್ಲಿ ಯಾರಿಗೋ ಫೋನಿನಲ್ಲಿ ಪರ್ಸೆಂಟೇಜ್ ಲೆಕ್ಕ ಹೇಳುತ್ತಿದ್ದರು. ನಾನು ಹೋಗಿ, "ಒಳಗೆ ಬಂದು ಅವನ ಕೈ ಹಿಡ್ಕೊಂಡು ಕೂತ್ಕೊಳ್ಳಿ, ಅಂಕದ ಮಾತು ಇವತ್ತು ಬೇಡ" ಅಂದೆ. ಪಾಪ, ಕೂತರು. ಹುಡುಗನ ಉಸಿರು ಹದಕ್ಕೆ ಬಂತು. ಡಿಸ್ಚಾರ್ಜ್ ಮಾಡುವಾಗ ಚೀಟಿಯ ಹಿಂದೆ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಯ ನೋಟಿಸ್ ಬೋರ್ಡಿಗೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಫಲಿತಾಂಶ ಬರುವ ವಾರದಲ್ಲಿ ಈ ಸಂಖ್ಯೆ ಪ್ರತಿ ಮನೆಯಲ್ಲೂ ಇರಬೇಕು.

ಏಪ್ರಿಲ್ 18, ಗುರುವಾರ

ಸಿಇಟಿ ಮೊದಲ ದಿನ. ಬೆಳಿಗ್ಗೆ ಜೀವಶಾಸ್ತ್ರ, ಮಧ್ಯಾಹ್ನ ಗಣಿತ. ಒಂದೊಂದಕ್ಕೂ 60 ಪ್ರಶ್ನೆ, 80 ನಿಮಿಷ. ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಮಧ್ಯಾಹ್ನದ ಬಿಡುವಿನಲ್ಲಿ ಮರದ ಕೆಳಗೆ ಕೂತು ಚಿತ್ರಾನ್ನ ತಿಂದಳು. ಸುತ್ತ ಎಷ್ಟೋ ತಂದೆತಾಯಿಗಳು ಮಕ್ಕಳ ಕೈಯಲ್ಲಿ ಊಟದ ಜೊತೆಗೇ ಪುಸ್ತಕ ಇಟ್ಟಿದ್ದರು. ನಾನು ಬೆಳಿಗ್ಗೆ ಹೇಗಾಯ್ತು ಅಂತ ಕೇಳಲಿಲ್ಲ. ಕೇಳಿದರೆ ತಪ್ಪಾದ ನಾಲ್ಕು ಪ್ರಶ್ನೆಗಳನ್ನು ತಲೆಯಲ್ಲಿ ಹೊತ್ತು ಗಣಿತಕ್ಕೆ ಹೋಗುತ್ತಾಳೆ.

ಸಂಜೆ ಹೊರಬಂದವರೆಲ್ಲರದೂ ಒಂದೇ ಮಾತು: ಪಠ್ಯದಿಂದ ಕೈಬಿಟ್ಟ ಪಾಠಗಳಿಂದ ಪ್ರಶ್ನೆಗಳು ಬಂದಿವೆ. ನಾಳೆ ಭೌತಶಾಸ್ತ್ರ, ರಸಾಯನಶಾಸ್ತ್ರ. ಹುಡುಗಿ ಮೌನವಾಗಿದ್ದಾಳೆ.

ಏಪ್ರಿಲ್ 28, ಭಾನುವಾರ

ಪಠ್ಯಕ್ಕೆ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡುತ್ತಾರಂತೆ. ಹತ್ತು ದಿನ ಮಕ್ಕಳು ಅನುಭವಿಸಿದ ತಳಮಳ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪುಟ್ಟಿ ಸುದ್ದಿ ಓದಿ, "ಹಾಗಾದ್ರೆ ಕೆಮಿಸ್ಟ್ರಿ ಮತ್ತೆ ಬರಿಯಲ್ಲ ಅಮ್ಮ" ಅಂದಳು. ಸರಿ ಅಂದೆ. ಎಂಜಿನಿಯರಿಂಗ್ ರ್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬುದು ಅವಳಿಗೆ ಗೊತ್ತು. ಗೊತ್ತಿದ್ದೇ ಮಾಡಿದ ತೀರ್ಮಾನ.

ಮೇ 7, ಮಂಗಳವಾರ

ಮತದಾನಕ್ಕೆಂದು ಬೆಂಗಳೂರಿನಿಂದ ಅಣ್ಣ ಬಂದಿದ್ದ. ಊಟವಾದ ಮೇಲೆ ಜಗಲಿಯಲ್ಲಿ ಮಾತು ಶುರುವಾಯಿತು.

"ಏನು ತಗೊಳ್ತೀಯೇ ಪುಟ್ಟಿ?"

"ಫಾರೆಸ್ಟ್ರಿ ಮಾವ. ಬಿಎಸ್ಸಿ ಫಾರೆಸ್ಟ್ರಿ. ಶಿರಸಿಯಲ್ಲಿದೆ, ಪೊನ್ನಂಪೇಟೆಯಲ್ಲಿದೆ."

ಅಣ್ಣ ಸಿಟ್ಟಾಗಲಿಲ್ಲ. ಅವನು ಹಾಗಿನವನಲ್ಲ. ನಿಧಾನವಾಗಿ ಹೇಳಿದ: "ಕಂಪ್ಯೂಟರ್ ಸೈನ್ಸ್ ತಗೊಂಡ್ರೆ ನಾಲ್ಕು ವರ್ಷಕ್ಕೆ ಸಂಬಳ. ನಮ್ಮನೇಲೇ ಇರು, ಹಾಸ್ಟೆಲ್ ಖರ್ಚೂ ಇಲ್ಲ. ಕಾಡು ಎಲ್ಲಿಗೆ ಹೋಗತ್ತೆ?" ಅವನ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ನಮ್ಮ ಅಪ್ಪನ ಕಾಲದಲ್ಲಿ ತೋಟ ಸಾಲದಲ್ಲಿತ್ತು. ಅದನ್ನು ಬಿಡಿಸಿದ್ದು ಅವನ ಕಂಪನಿ ಸಂಬಳ. ಆ ದಾರಿಯಲ್ಲಿ ನಡೆದು ಬದುಕು ಕಟ್ಟಿಕೊಂಡವನು ಸೋದರಸೊಸೆಗೂ ಅದನ್ನೇ ತೋರಿಸುತ್ತಾನೆ. ಅದು ಪ್ರೀತಿಯೇ.

ಪುಟ್ಟಿ ಎದ್ದು ಹೋಗಲಿಲ್ಲ, ಅದು ನನಗೆ ಸಮಾಧಾನ. "ಮಾವ, ನಮ್ಮ ಬೆಟ್ಟದಲ್ಲಿ ಉಪ್ಪಾಗೆ ಮರ ಎಷ್ಟಿತ್ತು ಅಂತ ಅಜ್ಜಿ ಹೇಳ್ತಿದ್ರು, ಈಗ ಹುಡುಕಬೇಕು. ಅದು ಯಾಕೆ ಹುಟ್ಟಲ್ಲ, ಹುಟ್ಟಿಸೋದು ಹ್ಯಾಗೆ ಅಂತ ಕಲಿಬೇಕು ನಂಗೆ" ಅಂದಳು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ?" ಅಂದ. ಅದಕ್ಕೆ ಅವಳಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಹದಿನೇಳು ವರ್ಷದ ಹುಡುಗಿಯಲ್ಲಿ ಇರಬೇಕಾಗಿಯೂ ಇಲ್ಲ. ಉತ್ತರ ಹುಡುಕುವ ಕೆಲಸದಲ್ಲಿ ನಾವು ಜೊತೆಯಾಗಬೇಕು.

ಮೇ 18, ಶನಿವಾರ

ಪುಟ್ಟಿ, ನಾನು, ಇವರು ಶಿರಸಿಗೆ ಹೋಗಿದ್ದೆವು. ಅರಣ್ಯ ಮಹಾವಿದ್ಯಾಲಯ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪೊನ್ನಂಪೇಟೆಯದು ನಮ್ಮ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ. ಕಾಲೇಜನ್ನು ಕಣ್ಣಾರೆ ನೋಡದೆ ಹೆಸರು ಕೇಳಿ ಸೀಟು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹೆಣ್ಣು ನೋಡಲು ಹೋದವರು ನಾಲ್ಕು ಮನೆ ವಿಚಾರಿಸುತ್ತಾರೆ, ಮಗಳು ನಾಲ್ಕು ವರ್ಷ ಇರುವ ಜಾಗವನ್ನು ವಿಚಾರಿಸಬಾರದೇ?

ಕೊನೆಯ ವರ್ಷದ ಇಬ್ಬರು ಹುಡುಗಿಯರು ಸಿಕ್ಕಿದರು. ಪುಟ್ಟಿಯನ್ನು ಅವರ ಜೊತೆ ಬಿಟ್ಟು ನಾವು ದೂರ ಕೂತೆವು. ನಾವು ಪಕ್ಕದಲ್ಲಿದ್ದರೆ ಆ ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಹೇಳುತ್ತಿದ್ದರು. ಹಿಂತಿರುಗುವಾಗ ಬಸ್ಸಿನಲ್ಲಿ ಪುಟ್ಟಿ ಒಂದೊಂದೇ ಹೇಳಿದಳು. ಮಣ್ಣು, ಮರದ ತಳಿ, ವನ್ಯಜೀವಿ, ಮರದ ಗುಣ, ಕೃಷಿ ಅರಣ್ಯ ಎಲ್ಲ ಓದಬೇಕು. ಕೊನೆಯ ವರ್ಷ ಅರಣ್ಯ ಇಲಾಖೆಯ ಜೊತೆ, ನರ್ಸರಿಗಳಲ್ಲಿ ಕೆಲಸ ಕಲಿಯಬೇಕು. ವಲಯ ಅರಣ್ಯಾಧಿಕಾರಿ ಹುದ್ದೆಯಲ್ಲಿ ಈ ಪದವೀಧರರಿಗೆ ಒಂದು ಪಾಲು ಮೀಸಲಿದೆ, ಆದರೆ ಅಧಿಸೂಚನೆ ವರ್ಷಗಟ್ಟಲೆ ಕಾಯಿಸುತ್ತದೆ. ಮುಂದಿನ ಓದಿಗೆ ಡೆಹ್ರಾಡೂನ್ ಇದೆ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ ಇದೆ. "ಕೆಲಸ ತಕ್ಷಣ ಸಿಗಲ್ಲ ಅಂತಾನೇ ಹೇಳಿದ್ರು ಅಮ್ಮ" ಅಂದಳು. ಆ ಕಷ್ಟವನ್ನೂ ಮರೆಮಾಡದೆ ಹೇಳಿದ್ದಕ್ಕೆ ಅವಳ ಮೇಲೆ ನನ್ನ ನಂಬಿಕೆ ಹೆಚ್ಚಾಯಿತು.

ಇವರು ಶಿರಸಿ ಪೇಟೆಯಲ್ಲಿ ಅಡಿಕೆ ಧಾರಣೆ ವಿಚಾರಿಸಿಕೊಂಡು ಬಂದರು. ಅದೂ ಈ ಪಯಣದ ಲೆಕ್ಕವೇ. ಫೀಸು ಬರಬೇಕಾದದ್ದು ಅಲ್ಲಿಂದ.

ಜೂನ್ 1, ಶನಿವಾರ

ಸಿಇಟಿ ರ್ಯಾಂಕ್ ಬಂತು. ಎಂಜಿನಿಯರಿಂಗಿಗೆ ಒಂದು, ಕೃಷಿ ವಿಜ್ಞಾನಕ್ಕೆ ಒಂದು, ಪಶುವೈದ್ಯಕ್ಕೆ ಒಂದು, ಹೀಗೆ ಬೇರೆ ಬೇರೆ ರ್ಯಾಂಕ್. ಕೃಷಿ ವಿಜ್ಞಾನದ್ದು ಎಲ್ಲಕ್ಕಿಂತ ಚೆನ್ನಾಗಿದೆ. ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ರ್ಯಾಂಕ್ ಎಷ್ಟು ಅಂತ ಕೇಳಿದವರಿಗೆಲ್ಲ "ಅವಳನ್ನೇ ಕೇಳಿ, ಹೇಳಬೇಕು ಅನ್ನಿಸಿದರೆ ಹೇಳ್ತಾಳೆ" ಅಂದೆ. ಕೆಲವರಿಗೆ ಬೇಸರವಾಗಿರಬಹುದು. ಆಗಲಿ.

ಜೂನ್ 4, ಮಂಗಳವಾರ

ಲೋಕಸಭೆ ಮತ ಎಣಿಕೆಯ ದಿನವೇ ನೀಟ್ ಫಲಿತಾಂಶವನ್ನೂ ಬಿಟ್ಟರು. 720ಕ್ಕೆ 720 ಪಡೆದವರು 67 ಮಂದಿ. ನಮ್ಮ ವಾರ್ಡಿನ ಆಯಾ ಅಕ್ಕನ ಮಗನೂ ಬರೆದಿದ್ದ. ಒಳ್ಳೆಯ ಅಂಕವೇ ಬಂದಿದೆ, ಆದರೆ ಈ ಸಲ ಆ ಅಂಕಕ್ಕೆ ಎಲ್ಲಿ ನಿಲ್ಲುತ್ತಾನೆಂದು ಯಾರಿಗೂ ಹೇಳಲಾಗುತ್ತಿಲ್ಲ. ಅಕ್ಕ ಡ್ರೆಸ್ಸಿಂಗ್ ಟ್ರೇ ತೊಳೆಯುತ್ತಾ ಅತ್ತರು. "ಸಿಸ್ಟರೇ, ಅವ ಎರಡು ವರ್ಷ ಹಬ್ಬ ಮಾಡಿಲ್ಲ."

ಜೂನ್ 9, ಭಾನುವಾರ

ಅಕ್ಕನನ್ನೂ ಮಗನನ್ನೂ ಮನೆಗೆ ಕರೆದಿದ್ದೆ. ಮೊದಲು ಕಾಗದಪತ್ರ. ಹುಡುಗ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲೇ ಓದಿದವನು. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಬಿಇಒ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ ಸರಿಯಿರಬೇಕು, ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಬೇಕು. ಅವನದು ಹೊಂದುತ್ತದೆ. ಪುಟ್ಟಿಯ ಕಾಗದಗಳನ್ನು ಇವರು ಜನವರಿಯಲ್ಲೇ ಓಡಾಡಿ ಮಾಡಿಸಿಟ್ಟಿದ್ದಾರೆ. ತಂದೆತಾಯಿ ನಿಜವಾಗಿ ಹೊರಬೇಕಾದ ಭಾರ ಇದು. ಈ ಓಡಾಟ ಮಕ್ಕಳ ತಲೆಯ ಮೇಲೆ ಬೀಳಬಾರದು.

ಆಮೇಲೆ ಹಣದ ಮಾತು. ದೇವರಾಜ ಅರಸು ನಿಗಮದ ಅರಿವು ಸಾಲಕ್ಕೆ ಶೇ 2 ಬಡ್ಡಿ ಎಂದಾಗ ಅಕ್ಕನ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಆದರೆ ಅಡಮಾನ ಕೇಳುವಂತಿಲ್ಲ ಎಂಬುದೂ ಅವರಿಗೆ ಹೊಸದು. ಎಂಜಿನಿಯರಿಂಗಿನಲ್ಲಿ ಎಸ್‌ಎನ್‌ಕ್ಯೂ ಎಂದು ಶೇ 5 ಹೆಚ್ಚುವರಿ ಸೀಟುಗಳಿವೆ, ಆದಾಯ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕವಿಲ್ಲ.

ಕೊನೆಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವುದು. ಇಲ್ಲೇ ಎಲ್ಲರೂ ಎಡವುವುದು. ಪೇಟೆಯ ಸೈಬರ್ ಸೆಂಟರೊಂದರಲ್ಲಿ ಅಕ್ಕನಿಗೆ "ನಿಮ್ಮ ರ್ಯಾಂಕಿಗೆ ಸಿಗೋದನ್ನೇ ಮೇಲೆ ಹಾಕಿ, ದೊಡ್ಡದು ಹಾಕಿದ್ರೆ ಚಾನ್ಸ್ ಹಾಳು" ಅಂದಿದ್ದರಂತೆ. ಅದು ಶುದ್ಧ ತಪ್ಪು. ಕಾಗದದ ಚೂರುಗಳ ಮೇಲೆ ಕಾಲೇಜಿನ ಹೆಸರು ಬರೆದು ಮೇಜಿನ ಮೇಲೆ ಜೋಡಿಸಿ ತೋರಿಸಿದೆ. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ರ್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ಹುಡುಗನ ಸರದಿ ಬಂದಾಗ ಅವನ ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ. ಮೊದಲನೆಯದು ಖಾಲಿಯಿಲ್ಲವೇ, ಎರಡನೆಯದು. ಅದೂ ಇಲ್ಲವೇ, ಮೂರನೆಯದು. ಸಿಗದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಆದರೆ ಬೇಡದ್ದನ್ನು ಮೇಲೆ ಬರೆದು ಅದು ಸಿಕ್ಕಿಬಿಟ್ಟರೆ ಕೆಳಗಿರುವ, ಮನಸ್ಸಿನಲ್ಲಿದ್ದ ಸೀಟಿನ ಕಡೆ ಯಂತ್ರ ನೋಡುವುದೇ ಇಲ್ಲ. ಮಗುವಿಗೆ ನಿಜವಾಗಿ ಏನು ಬೇಕೋ ಆ ಕ್ರಮದಲ್ಲೇ ಬರೆಯಬೇಕು.

ಹುಡುಗ ಚೂರುಗಳನ್ನು ನೋಡುತ್ತಾ ಕೂತಿದ್ದವನು, ಬಿಎಸ್ಸಿ ನರ್ಸಿಂಗ್ ಎಂದು ಬರೆದದ್ದನ್ನು ಎತ್ತಿ ಪಶುವೈದ್ಯದ ಕೆಳಗೆ ಇಟ್ಟ. ಎಂಜಿನಿಯರಿಂಗಿನ ಚೂರುಗಳನ್ನೆಲ್ಲ ಪಕ್ಕಕ್ಕೆ ಸರಿಸಿದ. "ಎಂಬಿಬಿಎಸ್ ಸಿಗದಿದ್ರೆ ವೆಟರ್ನರಿ ಅಮ್ಮ. ನಂಗೆ ದನ ಕಂಡ್ರೆ ಇಷ್ಟ" ಅಂದ. ಅಕ್ಕ ಅವನನ್ನೇ ನೋಡಿದರು. "ನಮ್ಮನೇಲಿ ಇದನ್ನ ಯಾರೂ ಕೇಳೇ ಇರಲಿಲ್ಲ" ಅಂದರು.

ಸೀಟು ಹಂಚಿಕೆಯಾದ ಮೇಲಿನ ನಾಲ್ಕು ಚಾಯ್ಸ್‌ಗಳನ್ನೂ ವಿವರಿಸಿದೆ. ಒಂದು, ಒಪ್ಪಿ ಸೇರುವುದು. ಎರಡು, ಸಿಕ್ಕಿದ್ದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬರುವುದು. ಮೂರನೆಯದನ್ನು ಒತ್ತುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಬೇಕು.

ಜೂನ್ 16, ಭಾನುವಾರ

ಆಪ್ಷನ್ ಎಂಟ್ರಿಗೆ ಮುಂಚಿನ ಕರಡು ಪಟ್ಟಿಯನ್ನು ಪುಟ್ಟಿ ತಾನೇ ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ. ಶಿರಸಿ ಮೊದಲು, ಪೊನ್ನಂಪೇಟೆ ಎರಡನೆಯದು. ಆಮೇಲೆ ನವುಲೆ ಮತ್ತು ಧಾರವಾಡದ ಕೃಷಿ ಪದವಿ. ಕೊನೆಯಲ್ಲಿ ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳು. ಆ ಕೊನೆಯ ಸಾಲುಗಳು ಯಾಕೆಂದು ಕೇಳಿದೆ. "ಮಾವ ಹೇಳಿದ್ದರಲ್ಲೂ ಅರ್ಥ ಇದೆ, ಏನೂ ಇಲ್ಲದೆ ಕೂರಬಾರದು" ಅಂದಳು. ಅಣ್ಣನಿಗೆ ಅವಳೇ ಫೋನು ಮಾಡಿ ಪಟ್ಟಿ ಓದಿದಳು. ಅವನು ಒಂದೇ ಒಂದು ಬದಲಾವಣೆ ಕೇಳಿದ, ಅವಳು ಒಪ್ಪಲಿಲ್ಲ. "ಸರಿ, ಮೊದಲ ವರ್ಷದ ಫೀಸು ನಂದು" ಅಂದನಂತೆ. ಅವನನ್ನು ನಾನು ಚಿಕ್ಕಂದಿನಿಂದ ಬಲ್ಲೆ, ಈ ಮಾತು ಅವನಿಂದ ಬರುತ್ತದೆಂದು ಗೊತ್ತಿತ್ತು.

ಮೊನ್ನೆ ಪುಟ್ಟಿ ಓದಿದ ಕಾಲೇಜಿಗೆ ಹೋಗಿ ಪ್ರಾಂಶುಪಾಲರನ್ನು ಕಂಡೆ. ಅಕ್ಕನಂಥ ತಾಯಂದಿರು ಈ ತಾಲ್ಲೂಕಿನಲ್ಲಿ ನೂರಾರು ಇದ್ದಾರೆ. ಅವರಿಗೆ ಸೈಬರ್ ಸೆಂಟರಿನ ಮಾತೇ ವೇದ. ಆಪ್ಷನ್ ಎಂಟ್ರಿ ತೆರೆಯುವ ಮೊದಲು ಅರ್ಧ ದಿನ ಕನ್ನಡದಲ್ಲಿ ಇದನ್ನೆಲ್ಲ ವಿವರಿಸಲೇಬೇಕು ಅಂದೆ. ಅವರು ಕೂಡಲೇ ಒಪ್ಪಿದರು. ಕಾಗದದ ಚೂರುಗಳನ್ನು ನಾನೇ ತರುತ್ತೇನೆ ಎಂದಿದ್ದೇನೆ. 22ರ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸಭೆ. ತಂದೆತಾಯಿ ಮಾತ್ರ ಬರುವುದು ಬೇಡ, ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡೇ ಬರಬೇಕು ಎಂದು ನೋಟಿಸಿನಲ್ಲಿ ಬರೆಸಿದ್ದೇನೆ.