ಕಟಿಂಗ್ ಯಾರು ಮಾಡಬೇಕು?

ಮಳವಳ್ಳಿ ಪೇಟೆಯಲ್ಲಿ ‘ಬೊಟಿಕ್’ ಅಂತ ಬೋರ್ಡು ಕಂಡರೆ ಒಳಗೆ ಇಣುಕಿ ನೋಡುತ್ತೇನೆ. ಗೋಡೆ ತುಂಬ ಕುರ್ತಿ, ಗಾಜಿನ ಬೀರುವಿನಲ್ಲಿ ಸೀರೆ. ಹೆಂಗಸರು ಗುಂಪು ಕಟ್ಟಿಕೊಂಡು ನಿಂತಿರುವುದು ಮಾತ್ರ ಮೂಲೆಯ ಮೇಜಿನ ಮುಂದೆ. ಅಲ್ಲಿ ಟೇಪು, ಸೀಮೆಸುಣ್ಣ, ಕತ್ತರಿ. ಬಟ್ಟೆ ಮಾರಲು ಶುರುವಾದ ಅಂಗಡಿ ರವಿಕೆ ಹೊಲಿದು ಬದುಕುವುದು ಏಕೆ?

*

ಬಸ್ಸಿಗೂ ಇದಕ್ಕೂ ಸಂಬಂಧ ಇರಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಟಿಕೆಟ್ ದುಡ್ಡಿಲ್ಲದೆ ಮೈಸೂರಿಗೆ ಹೋಗಿ, ದೇವರಾಜ ಅರಸು ರಸ್ತೆಯಲ್ಲಿ ಸೀರೆ ನೋಡಿ, ಸಂಜೆಗೆ ಮನೆ ಸೇರಬಹುದು. ಆ ಆಯ್ಕೆಯ ಮುಂದೆ ಇಲ್ಲಿನ ಪುಟ್ಟ ಮಳಿಗೆ ಏನು ತೋರಿಸೀತು? ಆದರೆ ರವಿಕೆಗೆ ಅಳತೆಗೊಮ್ಮೆ, ಆಲ್ಟರೇಶನ್‌ಗೊಮ್ಮೆ ಬರಬೇಕು, ಹತ್ತಿರದವರೇ ಆಗಬೇಕು. ಹಲಗೂರು, ಕಿರುಗಾವಲಿನವರನ್ನು ಮಳವಳ್ಳಿಗೆ ಕರೆತರುವುದೂ ಅದೇ ಬಸ್ಸು. ಒಟ್ಟು ಲೆಕ್ಕದಲ್ಲಿ ಅಂಗಡಿಗೆ ಲಾಭವೋ ನಷ್ಟವೋ, ಬಗೆಹರಿಯುತ್ತಿಲ್ಲ.

*

ತಾಲ್ಲೂಕಿನಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಬೇಕಾದಷ್ಟು ಜನ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಪಕ್ಕದ ತಿ. ನರಸೀಪುರದಲ್ಲಿ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ, ಮೈಸೂರಿನಲ್ಲಿ 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆ, ಹೊಳೆಯಾಚೆ ಕೊಳ್ಳೇಗಾಲದ ಮಗ್ಗಗಳು. ಇಷ್ಟಿದ್ದೂ ಇಲ್ಲಿನ ಅಂಗಡಿಯಾಕೆ ಮಾಲು ತರಲು ಬೆಂಗಳೂರಿನ ಚಿಕ್ಕಪೇಟೆಗೇ ಹೋಗುತ್ತಾಳೆ. ಅಲ್ಲಿ ಸಗಟಿನವರು ಕುರ್ತಿಯನ್ನು ಬಿಡಿಯಾಗಿ ಕೊಡುವುದಿಲ್ಲ. ಎಲ್ಲ ಸೈಜೂ ಸೇರಿದ ಸೆಟ್ಟನ್ನೇ ಎತ್ತಬೇಕು. ಖರ್ಚಾಗದ ಸೈಜು ಗೋಡೆಯ ಮೇಲೇ ಉಳಿಯುತ್ತದೆ.

*

ಹೆಚ್ಚು ಕಾಡುವುದು ಇದು. ಬೆಳಗ್ಗೆ ಮದ್ದೂರು ಕಡೆಯ ಗಾರ್ಮೆಂಟ್ಸ್ ವಾಹನಗಳಲ್ಲಿ ತುಂಬಿಕೊಂಡು ಹೋಗುವವರೆಲ್ಲ ಹೊಲಿಗೆ ಬಲ್ಲ ಹೆಣ್ಣುಮಕ್ಕಳು. ಆದರೂ ಅಂಗಡಿಯಾಕೆಗೆ ಕೆಲಸಕ್ಕೆ ಜನ ಸಿಕ್ಕುವುದಿಲ್ಲ. ಕೆಲಸ ಕೇಳಿಕೊಂಡು ಬಂದ ಹುಡುಗಿಯೊಬ್ಬಳು ನನ್ನೆದುರೇ ಹೇಳಿದಳು: “ಅಕ್ಕ, ನಾನು ಕಾಲರ್ ಮಾತ್ರ ಕೂರಿಸ್ತಿದ್ದೆ. ಕಟಿಂಗ್ ಮುಟ್ಟಿಲ್ಲ.” ಲೈನಿನಲ್ಲಿ ಒಬ್ಬಳಿಗೆ ಕಾಲರ್, ಇನ್ನೊಬ್ಬಳಿಗೆ ಕಫ್, ಮತ್ತೊಬ್ಬಳಿಗೆ ಜೇಬು, ಗಂಟೆಗೆ ಇಷ್ಟು ಅಂತ ಟಾರ್ಗೆಟ್. ವರ್ಷಗಟ್ಟಲೆ ಹೊಲಿದವಳಿಗೆ ಒಂದು ಇಡೀ ಬಟ್ಟೆ ಮಾಡುವ ವಿದ್ಯೆ ಕೈಸೇರದಂತೆ ದುಡಿಮೆಯನ್ನು ಹಂಚಿಟ್ಟಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

*

ಕಟಿಂಗ್ ಅಷ್ಟು ಕಷ್ಟವೇ? ಮೇಜಿನ ಬಳಿ ನಿಂತು ನೋಡಿದೆ. ವಯಸ್ಸಾದ ಹೆಂಗಸು ಹಳೇ ರವಿಕೆ ಕೊಟ್ಟು, “ಇದ್ರ ಅಳ್ತೇನೇ ಮಡಿಕೊ ಕಣವ್ವ, ತೋಳು ಮಾತ್ರ ಒಸಿ ಉದ್ದ ಬುಡು” ಅಂದರು. ಅಂಗಡಿಯಾಕೆ ಅದನ್ನು ಹರಡಿ, ಕಂಕುಳ ಹತ್ತಿರ ಹೊಲಿಗೆ ಎಳೆದುಕೊಂಡಿರುವುದನ್ನು ಬೆರಳಲ್ಲಿ ಸವರಿ ನೋಡಿದಳು. ಕೇಳದೆಯೇ ಅಲ್ಲಿ ಅರ್ಧ ಇಂಚು ಸಡಿಲ ಕೊಟ್ಟು ಗೀಟು ಹಾಕಿದಳು. ಮುಂದೆ ಬಿಚ್ಚಿಕೊಳ್ಳಲು ಬರುವಂತೆ ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟಳು. ಮೊದಲು ಲೈನಿಂಗ್‌ಗೆ ಕತ್ತರಿ, ರೇಷ್ಮೆಗೆ ಆಮೇಲೆ. ಸೀರೆಯ ಜತೆ ಬಂದ ಬ್ಲೌಸ್ ಪೀಸ್ ಇರುವುದು ಒಂದೇ, ಕೆಟ್ಟರೆ ಅದೇ ಬಣ್ಣ, ಅದೇ ಅಂಚು ಇನ್ನೆಲ್ಲಿ ತರುವುದು?

*

ಸ್ವಂತ ಅಂಗಡಿ ಹಾಕುವವರಿಗೆ 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಮೆಷಿನ್ನು ಬಂದೀತು, ಒಂದಿಷ್ಟು ಮಾಲೂ ಬಂದೀತು. ಕತ್ತರಿ ಹಿಡಿಯುವ ಕೈ?

*

ಅಂಗಡಿಯಾಕೆ ಈಗ ಗಾರ್ಮೆಂಟ್ಸ್ ಬಿಟ್ಟ ಇಬ್ಬರಿಗೆ ಹಳೇ ಪೇಪರಿನ ಮೇಲೆ ಕಟಿಂಗ್ ಹೇಳಿಕೊಡುತ್ತಿದ್ದಾಳೆ. “ಕಲ್ತು ಎದುರುಗಡೆನೇ ಅಂಗಡಿ ಹಾಕಿದ್ರೆ?” ಎಂದೆ. “ಹಾಕ್ಲಿ ಬುಡಿ. ವರಮಹಾಲಕ್ಷ್ಮಿ ಹಬ್ಬದ ಟೈಮ್‌ನಲ್ಲಿ ಆಗಲ್ಲ ಅಂತ ನಾನೇ ಎಷ್ಟ್ ಜನುನ್ನ ವಾಪಸ್ ಕಳುಸ್ತೀನಿ.” ಶ್ರಾವಣದ ಮಾತು ಸರಿ. ಮದುವೆಗಳಿಲ್ಲದ ಆಷಾಢದಲ್ಲಿ ಎರಡು ಅಂಗಡಿಯ ಬಾಡಿಗೆಗೆ ಸಾಲುವಷ್ಟು ರವಿಕೆ ಈ ಪೇಟೆಗೆ ಬರುತ್ತವೆಯೇ ಎಂದು ಮುಂದಿನ ಸಲ ಕೇಳಬೇಕು.